ಗ್ಯಾಲರಿ ಫ್ರೀ ಅಂತೆ

ಮದುವೆಯಾಗಿ ಡೊಂಬಿವಲಿಗೆ ಬಂದ ಮೊದಲ ಬೆಳಿಗ್ಗೆಯೇ ನನ್ನ ತಲೆಯ ಮೇಲೆ ಯಾರೋ ಬಾಯಿ ಮುಕ್ಕಳಿಸಿದ ನೀರು ಬಿತ್ತು. ಬೆಚ್ಚಗಿತ್ತು, ಪೇಸ್ಟಿನ ನೊರೆಯೂ ಇತ್ತು. ಊರಿನಿಂದ ಮುಡಿದು ಬಂದ ಮಲ್ಲಿಗೆ ಇನ್ನೂ ಪೂರ್ತಿ ಬಾಡಿರಲಿಲ್ಲ. ನಾನು ಕಿರುಚಿಕೊಂಡಾಗ ಮೇಲಿನ ಮಹಡಿಯಿಂದ ಒಂದು ಮುಖ ಬಗ್ಗಿ ನೋಡಿ "ಸಾರಿ ಭಾಭಿ" ಎಂದಿತು, ಮತ್ತೆ ಉಗುಳಿತು, ಈ ಸಲ ಸ್ವಲ್ಪ ಆಚೆಗೆ. ನನ್ನ ಗಂಡ ಒಳಗಿನಿಂದ ಟವೆಲು ತಂದುಕೊಟ್ಟು, ಇದೇನೂ ದೊಡ್ಡ ಸಂಗತಿಯಲ್ಲ ಎಂಬಂತೆ ಹೇಳಿದರು: "ಬೆಳಿಗ್ಗೆ ಹೊತ್ತು ಗ್ಯಾಲರಿಯಿಂದ ತಲೆ ಹೊರಗೆ ಹಾಕ್ಬಾರ್ದು ಮಾರಾಯ್ತಿ."

"ಗ್ಯಾಲರಿ ಅಂದ್ರೆ ಎಂತದು?"

"ನೀನು ನಿಂತದ್ದೇ ಗ್ಯಾಲರಿ."

ಊರಿನಲ್ಲಿ ಕುಳಿತು ಇದನ್ನು ಓದುವ ನಿಮಗೆ ಮೊದಲು ಈ ಶಬ್ದವನ್ನು ತಿಳಿಸಬೇಕು. ಮುಂದಿನ ಅಷ್ಟೂ ಅವಾಂತರ ಆ ಒಂದು ಶಬ್ದದಿಂದಲೇ ಆದದ್ದು. ಮುಂಬಯಿಯ ಈ ಕಡೆಯ ಊರುಗಳಲ್ಲಿ, ಠಾಣೆ, ಡೊಂಬಿವಲಿ, ಕಲ್ಯಾಣ, ಎಲ್ಲಿಗೇ ಹೋಗಿ, ಬಾಲ್ಕನಿಗೆ ಗ್ಯಾಲರಿ ಎನ್ನುತ್ತಾರೆ. ನಮ್ಮದು ವನ್ ಆರ್‌ಕೆ, ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅದರ ಮುಂದೆ ಎದೆಯೆತ್ತರಕ್ಕೆ ಕಬ್ಬಿಣದ ಗ್ರಿಲ್ ಹಾಕಿದ, ಒಬ್ಬರು ನಿಂತರೆ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ದಾಟಬೇಕಾದ ಒಂದು ಪಟ್ಟಿ. ಬ್ರಹ್ಮಾವರದ ನಮ್ಮ ಮನೆಯ ಜಗಲಿಯಲ್ಲಿ ಬೆಕ್ಕು ಮಲಗಲು ಇದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತಿತ್ತು. ಈ ಪಟ್ಟಿಯಲ್ಲಿ ಈರುಳ್ಳಿಯ ಬುಟ್ಟಿ, ಖಾಲಿ ಸಿಲಿಂಡರು, ಎಲ್ಲರ ಚಪ್ಪಲಿ, ಪೇಂಟಿನ ಡಬ್ಬಿಯಲ್ಲಿ ನೆಟ್ಟ ತುಳಸಿ, ಮೇಲೆ ಬಟ್ಟೆಯ ಹಗ್ಗಗಳು. ರಾತ್ರಿ ಅದೇ ಜಾಗದಲ್ಲಿ ನನ್ನ ಮಾವ ಮಲಗುತ್ತಿದ್ದರು.

ಮುಂಬಯಿ ಎಂದರೆ ಸಮುದ್ರ, ದೀಪಗಳ ಸಾಲು ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮುಂಬಯಿ ಎಂದರೆ ಆ ಗ್ರಿಲ್‌ನಿಂದ ಕಾಣುವಷ್ಟು. ಪಾರಿವಾಳಗಳು ಕೂತು ಹೇತು ಬಿಳಿ ಮಾಡಿದ ಎದುರಿನ ಗೋಡೆ, ಪೈಪಿನಿಂದ ಸದಾ ಸೋರುವ ಎಂತದೋ ನೀರು, ಮೆಟ್ಟಿಲಿನ ಪ್ರತಿ ತಿರುವಿನಲ್ಲಿ ಗುಟ್ಕಾದ ಕೆಂಪು. ಆ ಕೆಂಪನ್ನು ತಡೆಯಲು ಬಿಲ್ಡಿಂಗಿನ ಸೊಸೈಟಿಯವರು ಮೂಲೆಗೆ ದೇವರ ಚಿತ್ರದ ಟೈಲ್ಸ್ ಹಾಕಿಸಿದ್ದರು. ಜನ ದೇವರನ್ನು ಬಿಟ್ಟು ಅದರ ಪಕ್ಕಕ್ಕೆ ಉಗುಳುವುದನ್ನು ಅಭ್ಯಾಸ ಮಾಡಿಕೊಂಡರು. ಮೊದಲ ವರ್ಷ ನನಗೆ ಊಟ ಸೇರುತ್ತಿರಲಿಲ್ಲ. ಕೊಚ್ಚಕ್ಕಿ ಅನ್ನದ ಗಂಜಿ ಎದುರಿಗಿಟ್ಟುಕೊಂಡರೂ ಕೆಳಗಿನ ಗಟಾರದ ವಾಸನೆ ತಟ್ಟೆಯವರೆಗೆ ಬರುತ್ತಿತ್ತು. ಅಮ್ಮನಿಗೆ ಫೋನು ಮಾಡಿದಾಗ ಮಾತ್ರ "ಚೆಂದ ಉಂಟು, ಗ್ಯಾಲರಿ ಸಹ ಉಂಟು" ಎನ್ನುತ್ತಿದ್ದೆ. ಅವಳು ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗಿದಳು.

ಹೇಸಿಗೆ ಅಷ್ಟಿದ್ದರೂ ಆ ಮನೆಯಲ್ಲಿ ನನಗೆ ಅಂತ ಇದ್ದದ್ದು ಆ ಗ್ಯಾಲರಿ ಒಂದೇ. ಮಧ್ಯಾಹ್ನ ಎಲ್ಲರೂ ಹೊರಗಿದ್ದಾಗ ಅಲ್ಲಿ ಒಂದು ಮಣೆ ಹಾಕಿ ಕುಳಿತರೆ ಗಾಳಿ ಬರುತ್ತಿತ್ತು. ಮಾವನೂ ಪಕ್ಕದಲ್ಲಿ ಕುಳಿತು ತರಕಾರಿ ಹೆಚ್ಚಿಕೊಡುತ್ತಿದ್ದರು. ಅವರ ಕೈಯಲ್ಲಿ ಬೀನ್ಸು ಯಂತ್ರದಲ್ಲಿ ಕತ್ತರಿಸಿದ ಹಾಗೆ ಬೀಳುತ್ತಿತ್ತು. ಉಡುಪಿ ಕಡೆಯ ಎಷ್ಟೋ ಜನರಂತೆ ಅವರೂ ಮೀಸೆ ಬರುವ ಮೊದಲೇ ಓಡಿ ಬಂದು ಕಲ್ಯಾಣ ಸ್ಟೇಷನ್ ಹತ್ತಿರದ ಒಂದು ವೆಜ್ ಹೋಟೆಲು ಸೇರಿದವರು. ತಟ್ಟೆ ತೊಳೆಯುವಲ್ಲಿಂದ ಶುರುಮಾಡಿ, ಕೊನೆಗೆ ಗಲ್ಲಾದ ಮೇಲೆ ಕುಳಿತು ನಿವೃತ್ತರಾದವರು. ನನ್ನ ಗಂಡನೂ ಈಗ ಅದೇ ಹೋಟೆಲಿನಲ್ಲಿ ಮ್ಯಾನೇಜರು.

ಆ ಹೋಟೆಲಿನ ಮೇಲೆ ಕೆಲಸದವರು ಮಲಗುವ ಒಂದು ರೂಮು ಉಂಟು. ಮಾವನ ಅರ್ಧ ಆಯುಷ್ಯ ಕಳೆದದ್ದು ಅಲ್ಲೇ. ಕಿಟಕಿ ಇಲ್ಲ, ಕೆಳಗಿನ ಒಲೆಯ ಕಾವು ನೆಲದಿಂದ ಏರಿ ಬರುತ್ತದೆ, ಒಬ್ಬರ ತಲೆಯ ಹತ್ತಿರ ಇನ್ನೊಬ್ಬರ ಕಾಲು. ಮಾವ ಅದನ್ನು ತಿಗಣೆ ರೂಮು ಎನ್ನುತ್ತಿದ್ದರು. "ಚಾಪೆ ಬಿಸಿಲಿಗೆ ಹಾಕಿದ್ರೆ ಚಾಪೆಯೇ ನಡೆದುಕೊಂಡು ವಾಪಸ್ ಬರ್ತಿತ್ತು" ಎಂದು ನಗುತ್ತಿದ್ದರು. ನಗುವಾಗಲೂ ಕುತ್ತಿಗೆಯ ಹಿಂದೆ ಕೆರೆದುಕೊಳ್ಳುತ್ತಿದ್ದರು. ಡೊಂಬಿವಲಿಯ ಈ ಮನೆ ತೆಗೆದುಕೊಳ್ಳುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: ಗ್ಯಾಲರಿ ಉಂಟಾ? ಅತ್ತೆ ತೀರಿಹೋದ ಮೇಲೆ, ನಾನು ಮದುವೆಯಾಗಿ ಬಂದಾಗ, ಅವರು ಯಾರೂ ಹೇಳದೆ ತಮ್ಮ ಚಾಪೆಯನ್ನು ಗ್ಯಾಲರಿಗೆ ಒಯ್ದರು. ಮಳೆಗಾಲದಲ್ಲಿ ಗ್ರಿಲ್‌ಗೆ ತಾಡಪತ್ರಿ ಕಟ್ಟಿಕೊಂಡು ಮಲಗುತ್ತಿದ್ದರು. ಗಾಳಿ ಬರುತ್ತದಲ್ಲ, ಮತ್ತೆಂತ ಬೇಕು ಎನ್ನುತ್ತಿದ್ದರು.

ನಾನು ಬಂದು ಏಳೆಂಟು ವರ್ಷಗಳಾಗಿ, ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡಲು ಶುರುಮಾಡಿದ ಹೊತ್ತಿಗೆ, ಅಡುಗೆಮನೆಯಲ್ಲಿ ಮಲಗುತ್ತಿದ್ದ ಮೈದುನ ಪ್ರಕಾಶನ ಮದುವೆ ನಿಶ್ಚಯವಾಯಿತು. ಹೊಸ ಜೋಡಿಗೆ ಮಲಗಲು ಜಾಗ ಎಲ್ಲಿ? ಅಣ್ಣತಮ್ಮಂದಿರು ಅಳತೆ ಪಟ್ಟಿ ಹಿಡಿದು ಒಂದು ಭಾನುವಾರವಿಡೀ ಓಡಾಡಿ ತೀರ್ಮಾನಕ್ಕೆ ಬಂದರು. ಗ್ಯಾಲರಿಗೆ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿ ಮುಚ್ಚುವುದು, ನಡುವಿನ ಗೋಡೆ ಒಡೆದು ಅದನ್ನು ಕೋಣೆಗೆ ಸೇರಿಸಿ, ಹಲಗೆ ಅಡ್ಡ ಹಾಕಿ ಎರಡು ಮಾಡುವುದು. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಮಾವನ ವಿಷಯ ಬಂದಾಗ ಪ್ರಕಾಶ ಹಗ್ಗದ ಮೇಲಿನ ಬಟ್ಟೆಯನ್ನು ನೋಡುತ್ತಾ ಹೇಳಿದ, "ಅಪ್ಪನಿಗೆ ಕಲ್ಯಾಣದ ಮೇಲಿನ ರೂಮು ಉಂಟಲ್ಲ. ಅಲ್ಲಿ ಎಲ್ಲರ ಗುರ್ತ ಸಹ ಉಂಟು."

ಮಾವ ಎದ್ದು ಹೋಗಿ ಗ್ಯಾಲರಿಯಲ್ಲಿ ತಮ್ಮ ಚಾಪೆ ಹಾಸಿ ಕುಳಿತರು, ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಕುಕ್ಕಿದೆ. ಆದರೆ ಬೇರೆ ದಾರಿ ಕೇಳಿದರೆ ನನ್ನ ಹತ್ತಿರವೂ ಇರಲಿಲ್ಲ. ಕೆಲಸ ಮದುವೆಗೆ ಮೊದಲು, ಮಳೆಗಾಲ ಮುಗಿದ ಕೂಡಲೇ ಎಂದಾಯಿತು.

ಫೋಟೋ ತೆಗೆಯುವ ಒಬ್ಬ ಹುಡುಗಿ ನಮ್ಮ ಮನೆಗೆ ಬಂದದ್ದು ಅದೇ ದಿನಗಳಲ್ಲಿ. ರಿಯಾ ಎಂದು ಹೆಸರು. ಕುತ್ತಿಗೆಯಲ್ಲಿ ದೊಡ್ಡ ಕ್ಯಾಮೆರಾ, ಕಾಲಲ್ಲಿ ಕೊಲ್ಹಾಪುರಿ, ಬೆನ್ನಿಗೆ ಚೀಲ. ಮೆಟ್ಟಿಲಿನ ಗುಟ್ಕಾ ಕಲೆಯನ್ನು ಕೂಡ ನಿಂತು ಫೋಟೋ ತೆಗೆದು ಮೇಲೆ ಬಂದವಳು. "ಅಂಕಲ್, ಮೈ ಗ್ಯಾಲರಿ ಕೇ ಊಪರ್ ಪ್ರಾಜೆಕ್ಟ್ ಕರ್ ರಹೀ ಹೂಂ" ಎಂದಳು. ಗ್ಯಾಲರಿಗಳ ಬಗ್ಗೆ ಪ್ರಾಜೆಕ್ಟು. ಮಾವ ಎದ್ದು ನಿಂತುಬಿಟ್ಟರು.

ಇಲ್ಲಿ ಇನ್ನೊಂದು ಶಬ್ದ ತಿಳಿಸಬೇಕು. ಊರಿನಲ್ಲಿ ಪ್ರಾಜೆಕ್ಟ್ ಎಂದರೆ ಮಕ್ಕಳು ಥರ್ಮೋಕೋಲಿನಲ್ಲಿ ಮಾಡುವುದು. ಡೊಂಬಿವಲಿಯಲ್ಲಿ ಪ್ರಾಜೆಕ್ಟ್ ಎಂದರೆ ಬಿಲ್ಡರು ಹಳೆಯ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟಿ, ಹಳಬರಿಗೆ ದೊಡ್ಡ ಮನೆ ಕೊಡುವುದು. ಇಡೀ ಬಿಲ್ಡಿಂಗು ವರ್ಷಗಳಿಂದ ಅದರ ಕನಸಿನಲ್ಲೇ ಬದುಕಿತ್ತು. ಗೋಡೆಗೆ ಸುಣ್ಣ ಹೊಡೆಯದಿರಲು, ಪೈಪು ರಿಪೇರಿ ಮಾಡಿಸದಿರಲು ಅದೇ ಕಾರಣ: ಹೇಗೂ ಪ್ರಾಜೆಕ್ಟ್ ಬರುತ್ತದಲ್ಲ!

ಮಾವ ನನಗೆ ಕಣ್ಣುಸನ್ನೆ ಮಾಡಿದರು. ನಾನು ಫಿಲ್ಟರ್ ಕಾಫಿ ಮಾಡಿ, ಇದ್ದದ್ದರಲ್ಲಿ ಚೆಂದದ ಲೋಟದಲ್ಲಿ ಕೊಟ್ಟೆ. ಫೋಟೋ ತೆಗೆಯಬಹುದೇ ಎಂದು ಅವಳು ಕೇಳಿದ್ದು ನಿಜ. "ಲೇ ಲೋ, ಲೇ ಲೋ, ಸಬ್ ಲೇ ಲೋ" ಎಂದು ಮಾವ ಹೇಳಿದ್ದೂ ನಿಜ. ಮೂಲೆಯಲ್ಲಿ ಗೋಡೆಯ ಗಾರೆ, ಇಲ್ಲಿಯವರು ಹೇಳುವ ಗಿಲಾವು, ಉದುರಿದ್ದನ್ನು ತಾವೇ ಬೆರಳಿಟ್ಟು ತೋರಿಸಿದರು, ಬಿಲ್ಡರಿಗೆ ಕಾಣಲಿ ಎಂದು. ಅವಳು ಆಮೇಲೆಯೂ ಕೆಲವು ಬೆಳಿಗ್ಗೆ ಎದುರಿನ ಬಿಲ್ಡಿಂಗಿನ ತಾರಸಿಯಲ್ಲಿ ಕಾಣಿಸಿಕೊಂಡಳು. ಕೊನೆಯ ಸಲ ಬಂದಾಗ ಒಂದು ಕಾರ್ಡು ಕೊಟ್ಟಳು. ಅದರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ "ಗ್ಯಾಲರಿ" ಎಂದು, ಕೆಳಗೆ ಮುಂಬಯಿಯ ಆ ತುದಿಯ ಕಾಲಾಘೋಡಾದ ಒಂದು ವಿಳಾಸ, ದಿನ, ಸಂಜೆಯ ಹೊತ್ತು. "ಜರೂರ್ ಆನಾ ಅಂಕಲ್. ಗ್ಯಾಲರಿ ಸಬ್ ಕೇ ಲಿಯೇ ಫ್ರೀ ಹೈ."

ಪಕ್ಕದ ಮನೆಯ ಶಾಂತಾಬಾಯಿ ಬಾಗಿಲಲ್ಲೇ ನಿಂತಿದ್ದರು. ಬಿಜಾಪುರದ ಕಡೆಯವರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಹುಡುಗಿ ಮೆಟ್ಟಿಲಿಳಿಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು. "ಕೇಳಿದ್ರೇನ್ರೀ ವೈನಿ? ಗ್ಯಾಲರಿ ಫ್ರೀ ಅಂತ! ನಮ್ಮ ತಂಗಿ ಘಣಸೋಲ್ಯಾಗ ಹೊಸಾ ಬಿಲ್ಡಿಂಗಿನ್ಯಾಗ ಮನಿ ತಗೊಂಡಾಳಲ್ಲ, ಅಕಿಗೂ ಬಿಲ್ಡರ್ ಹಂಗ ಕೊಟ್ಟಾನ. ಮನಿಗಷ್ಟ ರೊಕ್ಕ, ಗ್ಯಾಲರಿ ಫ್ರೀ!"

ಸಂಜೆಯೊಳಗೆ ಸುದ್ದಿ ಎಲ್ಲ ಮಹಡಿಗೆ ಹರಡಿತು. ಮಾವ ಅಳತೆ ಪಟ್ಟಿಯನ್ನು ಎಲ್ಲೋ ಅಡಗಿಸಿಟ್ಟು ಪ್ರಕಾಶನಿಗೆ ಹೇಳಿದರು, "ಸ್ಲೈಡಿಂಗಿನವನಿಗೆ ಈಗಲೇ ಹೇಳ್ಬೇಡ ಮಗಾ. ಒಂದು ಸಲ ಹೋಗಿ ಕೇಳಿ ಬರ್ತೇನೆ." ನನ್ನ ಗಂಡನಿಗೆ ಹೋಟೆಲು ಬಿಡಲು ಆಗುವುದಿಲ್ಲ, ಪ್ರಕಾಶನಿಗೆ ನಂಬಿಕೆ ಇಲ್ಲ. ಹಾಗಾಗಿ ನಾನು ಮತ್ತು ಮಾವ ಹೊರಟೆವು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟಿದ್ದರು, ಮೊದಲೆಲ್ಲ ಗಲ್ಲಾದಲ್ಲಿ ಕೂರುವಾಗ ಉಡುತ್ತಿದ್ದ ಹಾಗೆ.

ಸಂಜೆ ರೈಲಿನಲ್ಲಿ ಕಾಲಿಡಲು ಆಗುವುದಿಲ್ಲವೆಂದು ಮಧ್ಯಾಹ್ನವೇ ಹೊರಟು ಕೊನೆಯ ಸ್ಟೇಷನ್ನಾದ ಸಿಎಸ್‌ಟಿಯಲ್ಲಿ ಇಳಿದೆವು. ಕಾಲಾಘೋಡಾ ಎಂದರೆ ಕಪ್ಪು ಕುದುರೆ. ಕುದುರೆ ಎಲ್ಲೂ ಕಾಣಲಿಲ್ಲ. ಕಂಡದ್ದು ಅಗಲ ರಸ್ತೆ, ದೊಡ್ಡ ಮರಗಳು, ಕಲ್ಲಿನ ಕಟ್ಟಡಗಳು. ಅಷ್ಟು ಉದ್ದದ ಫುಟ್‌ಪಾತಿನಲ್ಲಿ ಒಂದು ಕೆಂಪು ಕಲೆ ಇರಲಿಲ್ಲ. ಮೂಗು ತನ್ನಷ್ಟಕ್ಕೆ ಬಿಗಿಯಾಗಿರುವುದು ನನಗೆ ಅಭ್ಯಾಸವಾಗಿತ್ತು, ಅಲ್ಲಿ ಅದು ಸಡಿಲವಾಯಿತು. ಆಗ ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಇದೇ ಮುಂಬಯಿ, ಇದೇ ರೈಲು, ಇವರಿಗೆ ಮಾತ್ರ ಹೇಗೆ ಗಾಳಿ ಶುದ್ಧ?

ಹೊತ್ತು ಇನ್ನೂ ಬಹಳ ಇತ್ತು. ಮೊದಲು ಸಿಕ್ಕಿದ ಗಾಜಿನ ಬಾಗಿಲಿನ ವಾಚ್‌ಮನ್ ಹತ್ತಿರ ಮಾವ "ಗ್ಯಾಲರಿ?" ಎಂದು ಕೇಳಿದರು. ಅವನು "ಹಾಂ, ಗ್ಯಾಲರಿ. ಜಾಯಿಯೇ, ಫ್ರೀ ಹೈ" ಎಂದು ಬಾಗಿಲು ತೆರೆದ. ಮಾವ ನನ್ನ ಕಡೆ ತಿರುಗಿ ನೋಡಿದ ನೋಟ ನನಗೆ ಇವತ್ತಿಗೂ ಮರೆತಿಲ್ಲ, ಗೆದ್ದವರ ನೋಟ. ಚಪ್ಪಲಿಯನ್ನು ಹೊರಗೇ ಬಿಟ್ಟು, ಬಲಗಾಲಿಟ್ಟು ಒಳಗೆ ಹೋದರು.

ಒಳಗೆ ಗೋಡೆಯ ಅಗಲಕ್ಕೂ ಒಂದು ಬಟ್ಟೆ, ಅದರ ಮೇಲೆ ಕಂದು ಬಣ್ಣ ಬಳಿದದ್ದು. ಮತ್ತೇನೂ ಇಲ್ಲ. ಎಸಿಯ ಚಳಿಗೆ ಮಾವನ ಕೈಯ ಕೂದಲು ನಿಂತಿತು. ಇಬ್ಬರು ಅದರ ಎದುರು ನಿಂತು ದೇವರ ಮುಂದೆ ಮಾತಾಡುವಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ನಮ್ಮ ಮೆಟ್ಟಿಲಿನ ಗೋಡೆಯನ್ನು ಕಿತ್ತು ತಂದಿಟ್ಟರೆ ಇದಕ್ಕಿಂತ ಹೆಚ್ಚು ಬಣ್ಣ ಸಿಗುತ್ತಿತ್ತು. "ಬಿಲ್ಡರ್ ಆಫೀಸಲ್ಲಿ ಗಿಲಾವಿನ ಸ್ಯಾಂಪಲ್ ಇಟ್ಟಿರ್ತಾರೆ" ಎಂದು ಮಾವ ಸಮಾಧಾನ ಮಾಡಿಕೊಂಡರು.

ಇದಲ್ಲ, ಮುಂದಿನದು ಎಂದರು ಅಲ್ಲಿಯವರು. ಮುಂದಿನದೂ ಗ್ಯಾಲರಿಯೇ, ಅದೂ ಫ್ರೀ. ಅಲ್ಲಿ ನಡುಕೋಣೆಯಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಬ್ರೆಡ್ಡು, ಅನ್ನ, ಹಣ್ಣು ಎಲ್ಲ ಬೂಸ್ಟು ಹಿಡಿದು ಹಸಿರು, ಕಪ್ಪು, ಬಿಳಿ ರೋಮ ಎದ್ದು ಕೂತಿತ್ತು. ಮೇಲಿನಿಂದ ದೀಪ ಬೇರೆ. ನಾನು ಮೂಗು ಮುಚ್ಚಿಕೊಂಡೆ. ಹಿಟ್ಟು ಚೂರು ಹುಳಿ ಹೆಚ್ಚಾದರೆ ಇಡೀ ಹಂಡೆ ಚೆಲ್ಲಿಸುತ್ತಿದ್ದ ಮನುಷ್ಯ ನನ್ನ ಮಾವ. ಅವರು ಗಾಬರಿಯಿಂದ ಅತ್ತಿತ್ತ ನೋಡಿ, ಅಲ್ಲಿದ್ದ ಗಾರ್ಡಿನ ಹತ್ತಿರ ಹೋಗಿ, ಇದನ್ನು ಬೇಗ ತೆಗೆದುಬಿಡಿ ಎಂದು ಕಿವಿಯಲ್ಲಿ ಹೇಳಿದರು, "ಭಾಯಿ, ಯೇ ಜಲ್ದಿ ಹಟಾವೋ. ಮುನಿಸಿಪಾಲಿಟಿವಾಲಾ ಆಯೇಗಾ ತೋ ಲೈಸೆನ್ಸ್ ಜಾಯೇಗಾ." ಗಾರ್ಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಆಗ ನನಗೆ ಅರ್ಥವಾಯಿತು. ಗೋಡೆಯ ಪಕ್ಕದ ಚೀಟಿಯಲ್ಲಿ ಬ್ರೆಡ್ಡು, ಅನ್ನ, ಕಾಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಕಲಾವಿದನ ಹೆಸರಿತ್ತು. ಗ್ಯಾಲರಿ ಎಂಬ ಶಬ್ದಕ್ಕೆ ಕಲಾಕೃತಿ ಇಡುವ ಜಾಗ ಎಂಬ ಇನ್ನೊಂದು ಅರ್ಥವಿದೆ ಎಂದು ಕಾಲೇಜಿನಲ್ಲಿ ಓದಿದ್ದ ನನಗೇ ಮರೆತುಹೋಗಿತ್ತು, ಅಷ್ಟು ವರ್ಷ ಅದರಲ್ಲಿ ಬಟ್ಟೆ ಒಣಗಿಸಿದ್ದೆ ನಾನು. ಮಾವನಿಗೆ ಹೇಗೆ ಹೇಳುವುದು? ಅವರು ಹೊರಗೆ ಮತ್ತೆ ಚಪ್ಪಲಿ ಮೆಟ್ಟುತ್ತಾ, "ಇದು ಬೇರೆ ಪಾರ್ಟಿ ಇರ್ಬೇಕು. ಇಷ್ಟು ಗಲೀಜು ಇರುವವರ ಹತ್ರ ನಾವು ವ್ಯವಹಾರ ಮಾಡುವುದು ಬೇಡ" ಎಂದರು. ನಾನು ಹೂಂ ಎಂದೆ.

ಹೀಗೆ ಒಂದರ ನಂತರ ಒಂದು ಹತ್ತಿಳಿದೆವು. ಒಂದರಲ್ಲಿ ಮನುಷ್ಯರ ಕೂದಲನ್ನು ಹಗ್ಗದಂತೆ ಹೊಸೆದು ಮಾಡಿನಿಂದ ಇಳಿಬಿಟ್ಟಿದ್ದರು. ನಮ್ಮಲ್ಲಿ ಊಟದಲ್ಲಿ ಒಂದು ಎಳೆ ಕೂದಲು ಸಿಕ್ಕರೆ ಗಿರಾಕಿ ಗಲ್ಲಾಕ್ಕೆ ಬಂದು ಕೂಗಾಡುತ್ತಾನೆ. ಇನ್ನೊಂದರಲ್ಲಿ ಒಂದು ಖಾಲಿ ಚೌಕಟ್ಟು. ಒಂದು ಮಾತ್ರ ಹೇಳಲೇಬೇಕು, ಸುಳ್ಳು ಹೇಳಬಾರದು: ಅಲ್ಲಿನ ಶೌಚಾಲಯ. ಡೊಂಬಿವಲಿಯಿಂದ ಹೊರಟ ಹೆಂಗಸು ಮನೆಗೆ ವಾಪಸು ಬರುವವರೆಗೆ ನೀರು ಕುಡಿಯದೆ ಇರುವುದನ್ನು ಕಲಿತಿರುತ್ತಾಳೆ. ಇಲ್ಲಿ ಒಣಗಿದ ನೆಲ, ಬಿಳಿ ಕಾಗದ, ನಿಂಬೆಹುಲ್ಲಿನ ಪರಿಮಳದ ಸೋಪು. ನಾನು ಎರಡು ಸಲ ಕೈ ತೊಳೆದೆ. ಆ ದಿನ ನನಗೆ ಇಷ್ಟವಾದ ಕಲಾಕೃತಿ ಎಂದರೆ ಅದೊಂದೇ. ಬೂಸ್ಟಿಗೆ ಗಾಜಿನ ಪೆಟ್ಟಿಗೆ, ದೀಪ, ಕಾವಲುಗಾರ. ಮಾವನಿಗೆ ಒಂದು ತಾಡಪತ್ರಿ. ಕೈ ಒರೆಸಿಕೊಳ್ಳುತ್ತಾ ಇದನ್ನೇ ಯೋಚಿಸಿ ಮತ್ತೆ ಸಿಟ್ಟು ಬಂತು.

ಕಾರ್ಡಿನ ವಿಳಾಸ ಸಿಕ್ಕಾಗ ದೀಪ ಹಚ್ಚುವ ಹೊತ್ತು. ಒಳಗೆ ಜನ ತುಂಬಿದ್ದರು, ಕೈಯಲ್ಲಿ ಗ್ಲಾಸು. ಮಾವ ಚಪ್ಪಲಿ ಬಿಟ್ಟರು, ಗಾರ್ಡು ಅದನ್ನು ಕಾಲಿನಿಂದ ಕಸದ ಡಬ್ಬಿಯ ಕಡೆಗೆ ಸರಿಸಿದ. ನಾನು ಅವರ ತೋಳು ಹಿಡಿದು, "ಮಾವ, ಹೋಗುವ. ಇದು ನಾವು ಅಂದುಕೊಂಡ ಹಾಗೆ ಅಲ್ಲ" ಎಂದೆ. ಅವರು ನನ್ನ ಕೈ ಬಿಡಿಸಿಕೊಂಡರು. "ಇಷ್ಟು ದೂರ ಬಂದು ಕೇಳದೆ ಹೋಗ್ಲಿಕ್ಕೆ ಆಗ್ತದಾ?"

ಎದುರಿನ ಗೋಡೆಯ ಮೇಲೆ, ನಮಗಿಂತ ಎತ್ತರಕ್ಕೆ, ನಮ್ಮ ಗ್ಯಾಲರಿ ಇತ್ತು.

ಎದುರು ಬಿಲ್ಡಿಂಗಿನ ತಾರಸಿಯಿಂದ, ಬೆಳಗಿನ ಹೊತ್ತು ತೆಗೆದದ್ದು. ಹಗ್ಗದ ಮೇಲೆ ನನ್ನ ನೀಲಿ ನೈಟಿ, ತುದಿಯಿಂದ ನೀರು ತೊಟ್ಟಿಕ್ಕುವುದೂ ಕಾಣುತ್ತಿತ್ತು. ಅದರ ಪಕ್ಕ ನನ್ನ ಗಂಡನ ತೂತು ಬನಿಯನ್ನು, ಮಗಳ ಯೂನಿಫಾರ್ಮು. ಈರುಳ್ಳಿ, ಸಿಲಿಂಡರು, ತುಳಸಿ. ಇವೆಲ್ಲದರ ಕೆಳಗೆ ಮಾವ. ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಉದ್ದ ಸಾಲದ್ದಕ್ಕೆ ಎರಡೂ ಪಾದಗಳು ಗ್ರಿಲ್‌ನ ಸಂದಿಯಿಂದ ಹೊರಗೆ, ಗಾಳಿಯಲ್ಲಿ. ಒಡೆದ ಹಿಮ್ಮಡಿಯ ಒಂದೊಂದು ಬಿರುಕೂ ನನ್ನ ಬೆರಳಿನಷ್ಟು ದಪ್ಪ. ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಛೇ, ಆ ಬನಿಯನ್ನು ತೆಗೆದಿಡಬೇಕಿತ್ತು ಎಂದು. ಹಾಗೆ ಹೊಳೆದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಸುತ್ತಲೂ ಅಂಥವೇ ಇನ್ನೆಷ್ಟೋ ಫೋಟೋಗಳು, ಡೊಂಬಿವಲಿಯ ಗ್ಯಾಲರಿಗಳು, ಯಾರು ಯಾರದೋ ಒಳಬಟ್ಟೆಗಳು. ಬಾಗಿಲ ಪಕ್ಕದಲ್ಲಿ ಒಬ್ಬ ಇನ್ನೊಬ್ಬನಿಗೆ ವಿವರಿಸುತ್ತಿದ್ದ: ಆ ಕಡೆಯವರು ಬಾಲ್ಕನಿಗೆ ಗ್ಯಾಲರಿ ಎನ್ನುತ್ತಾರೆ, ಗ್ಯಾಲರಿಯಲ್ಲಿ ಗ್ಯಾಲರಿ, ಚೆನ್ನಾಗಿದೆಯಲ್ಲವೇ ಹೆಸರು? ಇಬ್ಬರೂ ನಕ್ಕರು. ನಮ್ಮ ಮಾತು ಅವರಿಗೆ ತಮಾಷೆಯಾಗಿತ್ತು.

ರಿಯಾ ನಮ್ಮನ್ನು ಕಂಡವಳೇ "ಅಂಕಲ್!" ಎಂದು ಓಡಿ ಬಂದು ಮಾವನನ್ನು ಅಪ್ಪಿಕೊಂಡಳು. ಅವಳ ಸಂತೋಷ ನಾಟಕವಲ್ಲ, ಅದು ನನಗೂ ಗೊತ್ತಾಗುತ್ತಿತ್ತು. ಇವರೇ ಅವರು ಎಂದು ಎಲ್ಲರಿಗೂ ತೋರಿಸಿದಳು. ಜನ ಮಾವನ ಮುಖ ನೋಡಿದರು, ಫೋಟೋ ನೋಡಿದರು, ಮತ್ತೆ ಮಾವನ ಪಾದ ನೋಡಿದರು. ಅವು ಬರಿಗಾಲು. ಮಾವ ಗಲ್ಲಾದಲ್ಲಿ ಕುಳಿತು ಗಿರಾಕಿಗಳಿಗೆ ಮಾಡುತ್ತಿದ್ದ ಹಾಗೆ ಒಬ್ಬೊಬ್ಬರಿಗೂ ಕೈ ಮುಗಿದರು. ಆಮೇಲೆ ಯಾವಾಗ ಶುರು ಎಂದು ಕೇಳಿದರು, "ಬೇಟಿ, ಪ್ರಾಜೆಕ್ಟ್ ಕಬ್ ಚಾಲೂ ಹೋಗಾ?"

ಅವಳಿಗೆ ಅರ್ಥವಾಗಲಿಲ್ಲ. "ಪ್ರಾಜೆಕ್ಟ್ ತೋ ಹೋ ಗಯಾ ಅಂಕಲ್. ಯಹೀ ತೋ ಹೈ." ಪ್ರಾಜೆಕ್ಟು ಮುಗಿಯಿತು, ಇದೇ ಅದು ಎಂದು ಕೈಯನ್ನು ಸುತ್ತಲೂ ಆಡಿಸಿ ತೋರಿಸಿದಳು.

"ಬಿಲ್ಡಿಂಗ್?"

"ಕೌನ್ ಸೀ ಬಿಲ್ಡಿಂಗ್?"

ಮಾವ ಫೋಟೋದ ಹತ್ತಿರ ಹೋಗಿ ನಿಂತರು. ಚೌಕಟ್ಟಿನ ಕೆಳಗೆ ಒಂದು ಕೆಂಪು ಚುಕ್ಕಿ ಅಂಟಿಸಿತ್ತು. "ಇದಕ್ಕೆ ಬೊಟ್ಟು ಇಟ್ಟಿದ್ದಾರಲ್ಲ" ಎಂದು ಅದನ್ನು ಬೆರಳಿನಿಂದ ಮುಟ್ಟಿದರು. ಬೊಟ್ಟಲ್ಲ, ಮಾರಾಟವಾಗಿದೆ ಎಂಬುದರ ಗುರುತು ಎಂದು ರಿಯಾ ಹೇಳಿದಳು. ಕೊಂಡವರೂ ಅಲ್ಲೇ ಇದ್ದರು. ಬಿಳಿ ಕೂದಲನ್ನು ಚೆಂದಕ್ಕೆ ಕತ್ತರಿಸಿಕೊಂಡ, ದಪ್ಪ ಬೆಳ್ಳಿಯ ಸರ ಹಾಕಿದ ಒಬ್ಬ ಹೆಂಗಸು. ಅವರು ನನ್ನ ಕೈ ಹಿಡಿದು, "ಸೋ ಮಚ್ ಲೈಫ್! ಆಪ್ ಲೋಗ್ ಕಿತನೇ ಲಕ್ಕೀ ಹೋ" ಎಂದರು. ಅಷ್ಟು ಜೀವ ತುಂಬಿದೆಯಂತೆ, ನಾವು ಪುಣ್ಯವಂತರಂತೆ. ಎಲ್ಲಿ ಹಾಕುತ್ತೀರಿ ಎಂದು ನಾನು ಕೇಳಿದೆ. ಸಮುದ್ರದ ಕಡೆಗಿನ ತಮ್ಮ ಬಾಲ್ಕನಿಯನ್ನು ಧೂಳು ಬರುತ್ತದೆಂದು ಗಾಜು ಹಾಕಿ ಮುಚ್ಚಿಸಿದ್ದಾರಂತೆ. ಅಲ್ಲೊಂದು ಖಾಲಿ ಗೋಡೆ ಇದೆ, ಅದಕ್ಕೆ. ನಾನು ಕೈ ಬಿಡಿಸಿಕೊಂಡೆ. ಅವರ ಕೈಗೂ ಆ ನಿಂಬೆಹುಲ್ಲಿನ ಸೋಪಿನ ವಾಸನೆಯೇ ಇತ್ತು.

ವಾಪಸು ಬರುವಾಗ ಠಾಣೆಯವರೆಗೆ ನಿಂತೇ ಬಂದೆವು. ಮಾವ ಹೆಂಗಸರ ಡಬ್ಬಿಗೆ ಬರುವಂತಿಲ್ಲ, ನಾನೇ ಅವರ ಜೊತೆ ಜನರಲ್ ಡಬ್ಬಿಯಲ್ಲಿ ಯಾರದೋ ಬೆವರಿನ ಬೆನ್ನಿಗೆ ಮುಖ ಒತ್ತಿಕೊಂಡು ನಿಂತಿದ್ದೆ. ಠಾಣೆಯಲ್ಲಿ ಸೀಟು ಸಿಕ್ಕಿತು. ಕೂತ ಮೇಲೆ ಅವರು ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡದ್ದನ್ನು ನಾನು ನೋಡಿದೆ.

"ಕಾಲು ಹೊರಗೆ ಬೀಳ್ತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಸುಮನಾ" ಎಂದರು. "ಇಷ್ಟು ವರ್ಷ. ಎದುರಿನವರಿಗೆಲ್ಲ ದಿನಾ ಕಾಣ್ತಿತ್ತಲ್ಲ? ನೀವು ಯಾರೂ ಹೇಳ್ಲಿಲ್ಲ."

"ಅದರಲ್ಲಿ ಎಂತ ಉಂಟು ಮಾವ? ಇಲ್ಲಿ ಯಾರು ಯಾರನ್ನು ನೋಡ್ತಾರೆ?"

"ನೋಡ್ತಾರಲ್ಲ. ಇವತ್ತು ನೋಡಿದ್ಯಲ್ಲ ನೀನು." ಮುಂಬ್ರಾ ದಾಟುವಾಗ ಪಂಚೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. "ಪ್ರಕಾಶನಿಗೆ ಹೇಳು, ಸ್ಲೈಡಿಂಗಿನವನನ್ನು ಕರೀಲಿ. ತಿಗಣೆ ರೂಮಿನಲ್ಲಿ ತಿಗಣೆ ಉಂಟು, ಆದ್ರೆ ನಾಲ್ಕೂ ಕಡೆ ಗೋಡೆ ಉಂಟು."

ನಾನು ಅತ್ತೆ. ಸಿಟ್ಟಿಗೆ ಅತ್ತದ್ದು. ಮಕ್ಕಳು ಹೋಗು ಎಂದಾಗ ಹೋಗಲು ಒಪ್ಪದೆ ಪಟ್ಟು ಹಿಡಿದು ಕುಳಿತಿದ್ದವರನ್ನು, ಚೆಂದವಿದೆ ಎಂದು ಹೊಗಳಿದವರು ಒಂದೇ ಸಂಜೆಯಲ್ಲಿ ಎಬ್ಬಿಸಿ ಕಳಿಸಿದ್ದರು. ಶಾಂತಾಬಾಯಿ ಮೆಟ್ಟಿಲಲ್ಲೇ ಕಾದಿದ್ದರು. "ಏನಂದ್ರೀ ವೈನಿ? ಯಾವಾಗ ಕೊಡ್ತಾರಂತ?" "ಮಾರಿಹೋಯ್ತು ಬಾಯಿ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ.

ಪ್ರಕಾಶನ ಮದುವೆಗೆ ಮೊದಲೇ ಸ್ಲೈಡಿಂಗು ಬಂತು. ಮಾವ ಒಂದು ಟ್ರಂಕು, ಒಂದು ಚಾಪೆಯೊಂದಿಗೆ ಕಲ್ಯಾಣಕ್ಕೆ ಹೋದರು. ಭಾನುವಾರ ಊಟಕ್ಕೆ ಬರುತ್ತಾರೆ. ತರಕಾರಿ ಹೆಚ್ಚಿಕೊಡುತ್ತೇನೆ ಎನ್ನುತ್ತಾರೆ, ಕೂರಲು ಗಾಳಿಯ ಜಾಗ ಹುಡುಕಿ ಕೊನೆಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಾರೆ. ಕುತ್ತಿಗೆಯ ಹಿಂದೆ ಕೆಂಪು ಗಂಧೆಗಳು ಎದ್ದಿರುತ್ತವೆ. ಬಟ್ಟೆಯನ್ನು ಈಗ ಫ್ಯಾನಿನ ಕೆಳಗೆ ಒಣಗಿಸುತ್ತೇನೆ, ಎಲ್ಲವೂ ಮುಗ್ಗಲು ವಾಸನೆ. ಬಿಸಿಲಿಲ್ಲದೆ ತುಳಸಿ ಸತ್ತಿತು.

ಊರಿಗೆ ಹೋದಾಗ ಅಮ್ಮನ ಮನೆಯ ಜಗಲಿಯಲ್ಲಿ ಕುಳಿತು, "ಗ್ಯಾಲರಿಯಲ್ಲಿ ಎಷ್ಟು ಗಾಳಿ!" ಎಂದುಬಿಟ್ಟೆ. ಅಣ್ಣನ ಮಕ್ಕಳು ವಾರವಿಡೀ ನಕ್ಕರು. ಅಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಬಚ್ಚಲಿನ ಹಿಂದಿನ ಕೊಳೆತ ಎಲೆಗಳು, ಮೀನಿನ ಲಾರಿಯ ನೀರು ಎಲ್ಲಕ್ಕೂ ನನ್ನ ಮೂಗು ಸಿಂಡರಿಸತೊಡಗಿತು. ನೀನು ಭಾರೀ ಮುಂಬಯಿಯವಳಾದೆ ಎಂದಳು ಅಮ್ಮ. ಡೊಂಬಿವಲಿಗೆ ಬಂದರೆ ನಾನು ಇನ್ನೂ ಊರಿನವಳೇ, ಉಗುಳಿದವರ ಹತ್ತಿರ ಜಗಳಕ್ಕೆ ಹೋಗುವವಳು.

ಸಿಎಸ್‌ಟಿ ಕಡೆ ಏನಾದರೂ ಕೆಲಸ ಬಿದ್ದರೆ ನಾನು ಈಗಲೂ ಕಾಲಾಘೋಡಾಕ್ಕೆ ಹೋಗುತ್ತೇನೆ. ಎಲ್ಲ ಗ್ಯಾಲರಿ ಹತ್ತಿಳಿಯುತ್ತೇನೆ, ಫ್ರೀ ಅಲ್ಲವೇ, ಚಪ್ಪಲಿ ಹಾಕಿಕೊಂಡೇ ಹೋಗುತ್ತೇನೆ. ಅಸಹ್ಯಪಟ್ಟುಕೊಂಡೇ ಎಲ್ಲವನ್ನೂ ನೋಡಿ, ಆ ಸೋಪಿನಿಂದ ಕೈ ತೊಳೆದು ಬರುತ್ತೇನೆ. ನಮ್ಮದು ಅಲ್ಲಿಲ್ಲ, ಅದು ಮೊದಲ ವಾರವೇ ಹೋಯಿತು. ಈ ನಗರದಲ್ಲಿ ಎಲ್ಲೋ, ಸಮುದ್ರ ಕಾಣುವ ಯಾವುದೋ ಮನೆಯ ಮುಚ್ಚಿದ ಬಾಲ್ಕನಿಯಲ್ಲಿ ನನ್ನ ಗ್ಯಾಲರಿ ತೂಗುತ್ತಿದೆ. ನೀಲಿ ನೈಟಿ ಇನ್ನೂ ಒಣಗಿಲ್ಲ. ಬಿಸಿಲು ಏರುತ್ತಿದೆ, ಮಾವ ಇನ್ನೂ ಎದ್ದಿಲ್ಲ. ಹೋಗಿ ಅವರ ಕಾಲಿನ ಮೇಲೆ ಒಂದು ಹೊದಿಕೆ ಎಳೆಯೋಣವೆಂದರೆ ಮನೆ ಯಾವುದೆಂದು ನನಗೆ ಗೊತ್ತಿಲ್ಲ.